ಒಂದೇ ನಿಲ್ದಾಣ, ಎರಡು ದೇಶದ ಕಾರು

ಜಿನೀವಾದಲ್ಲಿ ಇಳಿದು, ಸ್ಕೀಯಿಂಗ್‌ಗೆ ಫ್ರಾನ್ಸಿನ ಶಮೊನಿಗೆ ಹೋಗಲು
ಬಾಡಿಗೆ ಕಾರು ಯಾವ ದೇಶದ್ದಾಗಿರಬೇಕು?

ಜಿನೀವಾ ವಿಮಾನ ನಿಲ್ದಾಣ ಇರುವುದು ಸ್ವಿಟ್ಜರ್ಲೆಂಡಿನಲ್ಲಿ.
ಆದರೆ ಅದರೊಳಗೆ ಫ್ರಾನ್ಸಿನ ವಿಭಾಗವೂ ಇದೆ.
ಎರಡು ಬೀದಿಗೆ ಎರಡು ಬಾಗಿಲಿರುವ ಮನೆಯ ಹಾಗೆ!
ಯಾವ ಬಾಗಿಲಲ್ಲಿ ಕಾರು ಪಡೆದರೋ,
ಅಲ್ಲೇ ಹಿಂತಿರುಗಿಸಬೇಕು.

ಫ್ರೆಂಚ್ ಕಡೆ ಬಾಡಿಗೆ ಹೆಚ್ಚಾಗಿ ಅಗ್ಗ.
ಆದರೆ ಟೈರು ಎಂಥದ್ದು?
ಅದನ್ನು ಮೊದಲೇ ಕೇಳಬೇಕು.
ಇದು ಜೀವದ ಪ್ರಶ್ನೆ, ಕಾನೂನಿನದೂ ಹೌದು.
ಫ್ರಾನ್ಸಿನ ಗೊತ್ತುಪಡಿಸಿದ ಬೆಟ್ಟದ ಊರುಗಳಲ್ಲಿ,
ನವೆಂಬರ್ 1ರಿಂದ ಮಾರ್ಚ್ 31ರವರೆಗೆ
ಚಳಿಗಾಲದ ಟೈರು,
ಇಲ್ಲವೇ ಡಿಕ್ಕಿಯಲ್ಲಿ ಹಿಮದ ಸರಪಳಿ ಇರಲೇಬೇಕು.

ಸ್ವಿಸ್ ಹೆದ್ದಾರಿಗೆ ವಿನ್ಯೆಟ್ ಎಂಬ ಸುಂಕದ ಚೀಟಿ ಬೇಕು, 40 ಫ್ರಾಂಕ್.
ಸ್ವಿಸ್ ಬಾಡಿಗೆ ಕಾರಿನಲ್ಲಿ ಅದು ಇದ್ದೇ ಇರುತ್ತದೆ.

ಗಡಿ ದಾಟುವ ವಿಷಯ ಕಂಪನಿಗೆ ತಿಳಿಸಿ,
ಕರಾರಿನಲ್ಲಿ ಬರೆಸಬೇಕು.
ಇಲ್ಲದಿದ್ದರೆ, ಅಪಘಾತವಾದಾಗ ವಿಮೆ ಕೈಕೊಡಬಹುದು.