ಮೊದಲು ಆರಿಸಿ, ಎಣಿಸಿ, ಆಮೇಲೆ ತಿದ್ದಿ

ಪರೀಕ್ಷೆಯಲ್ಲಿ ಭಾರತದ ನಕ್ಷೆ ಬರೆದು ಕಾವೇರಿ, ಕೃಷ್ಣಾ ನದಿಗಳನ್ನು ಗುರುತಿಸಿದ್ದು ತಂದೆ ತಾಯಿಯರಿಗೆಲ್ಲ ನೆನಪಿರಬಹುದು. ಕೃಷ್ಣೆಯನ್ನು ಸ್ವಲ್ಪ ಮೇಲೆ ಎಳೆದುಬಿಟ್ಟರೆ ರಬ್ಬರಿನಿಂದ ಉಜ್ಜಬೇಕಿತ್ತು. ಉಜ್ಜುವಾಗ ನದಿಯ ಜೊತೆಗೆ ಪಕ್ಕದ ರಾಜ್ಯದ ಗಡಿಯೂ ಹೋಗುತ್ತಿತ್ತು, ಕೆಲವೊಮ್ಮೆ ಕಾಗದವೇ ಹರಿಯುತ್ತಿತ್ತು. ನದಿ ಯಾವುದು, ಗಡಿ ಯಾವುದು ಎಂಬ ಭೇದ ರಬ್ಬರಿಗೆ ಗೊತ್ತಿಲ್ಲವಲ್ಲ!

ಗಣಕಯಂತ್ರದಲ್ಲಿ ನಕ್ಷೆ ಮಾಡುವವರಿಗೆ ಈ ತಾಪತ್ರಯವಿಲ್ಲ. ಅಲ್ಲಿ ನದಿ ಬೇರೆ, ಗಡಿ ಬೇರೆ, ಊರು ಬೇರೆ. ಬೇಕಾದ್ದನ್ನು ಮಾತ್ರ ಆರಿಸಿ ತಿದ್ದಬಹುದು, ಬೇಡವಾದದ್ದನ್ನು ಅಳಿಸಬಹುದು. ಆದರೆ ಅಲ್ಲಿ ಇನ್ನೊಂದು ಬಗೆಯ ಅಪಾಯ ಕಾದಿರುತ್ತದೆ. ಕಾಗದದ ಮೇಲೆ ಅಳಿಸಿದರೆ ಕಲೆಯಾದರೂ ಉಳಿಯುತ್ತದೆ. ಗಣಕದಲ್ಲಿ ಅಳಿಸಿದ್ದಕ್ಕೆ ಗುರುತೇ ಇರುವುದಿಲ್ಲ. ಇದನ್ನು ನಾನೂ ನನ್ನ ವಿದ್ಯಾರ್ಥಿಗಳೂ ಕಲಿತದ್ದು ಪುಸ್ತಕದಿಂದಲ್ಲ, ನಾವೇ ಮಾಡಿದ ಒಂದು ತಪ್ಪಿನಿಂದ.

ಊರಿನ ನೀರಿನ ನಕ್ಷೆ

ನಮ್ಮದು ಬಯಲುಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆ. ಎರಡು ವರ್ಷಗಳ ಹಿಂದೆ ಒಂಬತ್ತನೇ ತರಗತಿಯ ಮಕ್ಕಳು ವಿಜ್ಞಾನದ ಪ್ರಾಜೆಕ್ಟಿಗಾಗಿ ಊರಿನ ಬಾವಿ, ಬೋರ್‌ವೆಲ್, ಕೆರೆ, ಕಟ್ಟೆಗಳ ನಕ್ಷೆ ಮಾಡಲು ಹೊರಟರು. ನಾಲ್ಕು ತಂಡಗಳಾದವು. ತಂಡಕ್ಕೊಂದು ನೋಟ್‌ಬುಕ್, ಮನೆಯವರನ್ನು ಕಾಡಿ ತಂದ ಒಂದು ಮೊಬೈಲ್ ಫೋನ್. ಬೋರ್‌ವೆಲ್ ಪಕ್ಕ ನಿಂತು ಫೋನಿನ ಜಿಪಿಎಸ್ ತೋರಿಸುವ ಅಕ್ಷಾಂಶ, ರೇಖಾಂಶಗಳನ್ನು ಬರೆದುಕೊಳ್ಳಬೇಕು. ಜಮೀನಿನವರನ್ನು ಕೇಳಿ ಆಳ ಎಷ್ಟು, ಕೊರೆಸಿದ ವರ್ಷ ಯಾವುದು, ಈಗ ನೀರಿದೆಯೋ ಇಲ್ಲವೋ ಎಂಬುದನ್ನೂ ಬರೆಯಬೇಕು. ತೆರೆದ ಬಯಲಿನಲ್ಲಿಯೂ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸಬಹುದು. ಮರದ ಕೆಳಗೆ, ಗೋಡೆಯ ಪಕ್ಕ ನಿಂತರೆ ವ್ಯತ್ಯಾಸ ಇನ್ನೂ ಹೆಚ್ಚು. ಇದೂ ಒಂದು ವಿಜ್ಞಾನದ ಪಾಠವೇ ಆಯಿತು.

ನಾನು ಬಿ.ಎಸ್ಸಿ. ಓದಿದ ಕಾಲೇಜಿನಲ್ಲಿ ಗಣಕಯಂತ್ರವೇ ಇರಲಿಲ್ಲ. ಆದ್ದರಿಂದ ತಂತ್ರಾಂಶ ಕಲಿಯುವ ಸಮಯ ಬಂದಾಗ ನಾನೂ ಮಕ್ಕಳ ಜೊತೆ ಬೆಂಚಿನ ಮೇಲೆ ಕೂತೆ. ನಾವು ಆರಿಸಿಕೊಂಡದ್ದು ಕ್ಯೂಜಿಐಎಸ್ ಎಂಬ ತಂತ್ರಾಂಶವನ್ನು. ಅಮೆರಿಕದ ಗ್ಯಾರಿ ಶರ್ಮನ್ 2002ರಲ್ಲಿ ಆರಂಭಿಸಿದ ಈ ಕೆಲಸವನ್ನು ಇಂದು ಅನೇಕ ದೇಶಗಳ ಸ್ವಯಂಸೇವಕರು ಮುಂದುವರಿಸುತ್ತಿದ್ದಾರೆ. 2013ರವರೆಗೆ ಇದಕ್ಕೆ ಕ್ವಾಂಟಮ್ ಜಿಐಎಸ್ ಎಂಬ ಹೆಸರಿತ್ತು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಪೋಷಕರು ಗಮನಿಸಬೇಕಾದ ಸಂಗತಿ ಎಂದರೆ, ಇದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ.

ಬಿಂದು, ರೇಖೆ, ಬಹುಭುಜಾಕೃತಿ

ಈ ತಂತ್ರಾಂಶದ ಲೋಕದಲ್ಲಿ ಮುಖ್ಯವಾಗಿ ಮೂರೇ ಜಾತಿ. ಬೋರ್‌ವೆಲ್, ವಿದ್ಯುತ್ ಕಂಬ, ಗುಡಿಯಂಥವು ಬಿಂದುಗಳು. ರಸ್ತೆ, ಹಳ್ಳ, ಕಾಲುವೆಗಳು ರೇಖೆಗಳು. ಕೆರೆ, ಹೊಲ, ಊರಿನ ಎಲ್ಲೆ ಇವು ಬಹುಭುಜಾಕೃತಿಗಳು. ಒಂದೊಂದು ಬಗೆಯ ವಸ್ತುಗಳಿಗೆ ಒಂದೊಂದು ಪದರ. ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಎಂದು ಭಾವಿಸಿ. ಒಂದು ಹಾಳೆಯಲ್ಲಿ ಬೋರ್‌ವೆಲ್‌ಗಳು ಮಾತ್ರ, ಇನ್ನೊಂದರಲ್ಲಿ ರಸ್ತೆಗಳು ಮಾತ್ರ.

ನಕ್ಷೆಯ ಪ್ರತಿ ವಸ್ತುವಿನ ಹಿಂದೆ ಒಂದು ಕೋಷ್ಟಕದ ಸಾಲು ಇರುತ್ತದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದು ಸಾಲು ಇರುವಂತೆ. ನಮ್ಮ ಬೋರ್‌ವೆಲ್ ಪದರದಲ್ಲಿ ಆಳ, ವರ್ಷ, ನೀರು ಇದೆ ಅಥವಾ ಇಲ್ಲ, ದಾಖಲಿಸಿದ ತಂಡ ಎಂಬ ಕಲಮುಗಳಿದ್ದವು. ಆದ್ದರಿಂದ ಪರದೆಯ ಮೇಲಿನ ಒಂದು ಚುಕ್ಕೆಯನ್ನು ಅಳಿಸಿದರೆ ಬರೀ ಚುಕ್ಕೆ ಹೋಗುವುದಿಲ್ಲ. ಮಕ್ಕಳು ಬಿಸಿಲಲ್ಲಿ ಅಲೆದು ತಂದ ಮಾಹಿತಿಯ ಇಡೀ ಸಾಲೂ ಹೋಗುತ್ತದೆ.

ಆರಿಸುವುದು ಹೇಗೆ?

ಹೊಸಬರು ಮೊದಲು ಎಡವುವುದು ಇಲ್ಲಿಯೇ. ಬೋರ್‌ವೆಲ್ ಮೇಲೆ ಎಷ್ಟು ಕ್ಲಿಕ್ ಮಾಡಿದರೂ ಅದು ಜಪ್ಪಯ್ಯ ಎನ್ನುವುದಿಲ್ಲ. ಕಾರಣ ಸರಳ. ಎಡಗಡೆಯ ಪದರಗಳ ಪಟ್ಟಿಯಲ್ಲಿ ರಸ್ತೆಯ ಪದರ ಗುರುತಾಗಿರುತ್ತದೆ. ಯಾವ ಹಾಳೆಯ ವಸ್ತು ಬೇಕೋ ಆ ಹಾಳೆಯನ್ನು ಮೊದಲು ಮುಟ್ಟಬೇಕು. ಆಮೇಲೆ ಆಯ್ಕೆಯ ಉಪಕರಣ ಹಿಡಿದು ಕ್ಲಿಕ್ ಮಾಡಿದರೆ ಆರಿಸಿದ ವಸ್ತು ಹಳದಿ ಬಣ್ಣಕ್ಕೆ ತಿರುಗುತ್ತದೆ. ಮಾಹಿತಿ ತೋರಿಸುವ ಉಪಕರಣ ಬೇರೆಯೇ ಇದೆ. ಅದು ವಸ್ತುವನ್ನು ಕೆಂಪಾಗಿ ತೋರಿಸುತ್ತದೆ, ಆದರೆ ಆರಿಸುವುದಿಲ್ಲ. ಕೆಂಪು ಎಂದರೆ ನೋಡುತ್ತಿದ್ದೇವೆ, ಹಳದಿ ಎಂದರೆ ಹಿಡಿದಿದ್ದೇವೆ ಎಂದು ಮಕ್ಕಳು ನೆನಪಿಟ್ಟುಕೊಂಡರು.

ಮೌಸ್ ಒತ್ತಿ ಎಳೆದು ಚೌಕ ಮಾಡಿದರೆ ಅದರೊಳಗಿನ ವಸ್ತುಗಳೆಲ್ಲ ಒಟ್ಟಿಗೆ ಆರಿಸಲ್ಪಡುತ್ತವೆ. ಶಿಫ್ಟ್ ಕೀಲಿ ಹಿಡಿದು ಕ್ಲಿಕ್ ಮಾಡಿದರೆ ಹಳೆಯ ಆಯ್ಕೆ ಹಾಗೇ ಉಳಿದು ಹೊಸದೊಂದು ಸೇರುತ್ತದೆ. ಶಿಫ್ಟ್ ಇಲ್ಲದೆ ಕ್ಲಿಕ್ ಮಾಡಿದರೆ ಹಳೆಯದು ಬಿಟ್ಟುಹೋಗಿ ಹೊಸದು ಮಾತ್ರ ಉಳಿಯುತ್ತದೆ. ಈ ವ್ಯತ್ಯಾಸವನ್ನು ದಯವಿಟ್ಟು ಗಮನದಲ್ಲಿಡಿ, ಮುಂದೆ ಬರುತ್ತದೆ.

ಕೈಯಿಂದ ಆರಿಸುವುದಕ್ಕಿಂತ ಸೊಗಸಾದದ್ದು ಪ್ರಶ್ನೆ ಕೇಳಿ ಆರಿಸುವುದು. ಆಳ 500 ಅಡಿಗಿಂತ ಹೆಚ್ಚಿರುವ ಬೋರ್‌ವೆಲ್‌ಗಳು ಯಾವುವು ಎಂದು ಗಣಿತದ ಭಾಷೆಯಲ್ಲಿ ಬರೆದರೆ ಅವಷ್ಟೂ ಒಂದೇ ಏಟಿಗೆ ಹಳದಿಯಾಗುತ್ತವೆ. ಊರಿನ ಎಲ್ಲೆಯೊಳಗಿರುವ ಬಾವಿಗಳು ಯಾವುವು ಎಂದು ಸ್ಥಳದ ಆಧಾರದಿಂದಲೂ ಕೇಳಬಹುದು. ತರಗತಿಯಲ್ಲಿ ಅಸಮಾನತೆ, ಗಣಗಳು ಎಂದರೆ ಆಕಳಿಸುತ್ತಿದ್ದ ಹುಡುಗರು ಇಲ್ಲಿ ಪೈಪೋಟಿಯಿಂದ ಪ್ರಶ್ನೆ ಬರೆದರು.

ಕಾಣೆಯಾದ ಬೋರ್‌ವೆಲ್

ನಮ್ಮ ಪದರದಲ್ಲಿ 42 ಬಿಂದುಗಳಿದ್ದವು. ಬತ್ತಿದವು ಎಷ್ಟು ಎಂದು ತಿಳಿಯಲು ಒಬ್ಬ ಹುಡುಗಿ ನೀರಿಲ್ಲದವುಗಳನ್ನು ಪ್ರಶ್ನೆ ಬರೆದು ಆರಿಸಿದಳು. 14 ಚುಕ್ಕೆಗಳು ಹಳದಿಯಾದವು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆಮೇಲೆ ಶಾಲೆಯ ಹತ್ತಿರದ ಭಾಗವನ್ನು ದೊಡ್ಡದು ಮಾಡಿ ನೋಡಿದಾಗ ಒಂದೇ ಬೋರ್‌ವೆಲ್ ಎರಡು ಬಾರಿ ದಾಖಲಾಗಿರುವುದು ಕಂಡಿತು. ಎರಡು ತಂಡದವರೂ ಅಲ್ಲಿಗೆ ಹೋಗಿದ್ದರು. ಒಂದನ್ನು ತೆಗೆಯಬೇಕಿತ್ತು. ಪೆನ್ಸಿಲ್ ಗುರುತನ್ನು ಒತ್ತಿ ತಿದ್ದುಪಡಿಯನ್ನು ಆರಂಭಿಸಿದಳು. ಶಿಫ್ಟ್ ಹಿಡಿಯುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಹಾಗೆಯೇ ಹಿಡಿದು ಆ ಚುಕ್ಕೆಯ ಮೇಲೆ ಕ್ಲಿಕ್ ಮಾಡಿ ಡಿಲೀಟ್ ಒತ್ತಿದಳು.

ಪರದೆಯ ಮೇಲೆ ಒಂದು ಪೆಟ್ಟಿಗೆ ಬಂತು. ಆರಿಸಿದವುಗಳಲ್ಲಿ ಕೆಲವು ಈಗ ಕಾಣುತ್ತಿರುವ ಭಾಗದ ಹೊರಗಿವೆ, ಮುಂದುವರಿಯಲೇ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಅದನ್ನು ಅವಳೂ ಓದಲಿಲ್ಲ, ಪಕ್ಕದಲ್ಲೇ ಕೂತಿದ್ದ ನಾನೂ ಓದಲಿಲ್ಲ. "ಯೆಸ್ ಒತ್ತಮ್ಮ" ಎಂದವನು ನಾನೇ. ಆಮೇಲೆ ಸೇವ್ ಮಾಡಿಸಿದವನೂ ನಾನೇ.

ನಕ್ಷೆ ಅಚ್ಚಾಗಿ ಶಾಲೆಯ ಗೋಡೆಗೆ ಬಂತು. ಮುಂದಿನ ವಾರ ಅದನ್ನು ಗ್ರಾಮ ಪಂಚಾಯಿತಿಗೆ ಕೊಡುವುದೆಂದು ತೀರ್ಮಾನವಾಗಿತ್ತು. ನೋಡಲು ಚೆನ್ನಾಗಿಯೇ ಇತ್ತು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಒಬ್ಬ ಹುಡುಗ ಬಹಳ ಹೊತ್ತು ಅದರ ಮುಂದೆ ನಿಂತಿದ್ದ. ಕೊನೆಗೆ ನನ್ನ ಬಳಿ ಬಂದು, "ಸಾರ್, ನಮ್ಮ ಹೊಲದ ಬೋರು ಇದರಲ್ಲಿ ಇಲ್ಲ. ನೀರು ಬರಲಿಲ್ಲ ಅಂತ ಬಿಟ್ಟುಬಿಟ್ರಾ?" ಎಂದು ಕೇಳಿದ. ಅವನ ತಂದೆ ಸಾಲ ಮಾಡಿ ಕೊರೆಸಿದ್ದ ಬೋರ್‌ವೆಲ್ ಅದು. ಒಂದು ಹನಿಯೂ ಬಂದಿರಲಿಲ್ಲ.

ಎಣಿಸಿ ನೋಡಿದೆವು. ಉಳಿದಿದ್ದದ್ದು 27 ಚುಕ್ಕೆಗಳು. ಎಲ್ಲದರಲ್ಲೂ ನೀರಿತ್ತು! ನಮ್ಮ ನಕ್ಷೆಯ ಪ್ರಕಾರ ಊರಿನಲ್ಲಿ ಬತ್ತಿದ ಬೋರ್‌ವೆಲ್ ಒಂದೂ ಇರಲಿಲ್ಲ. ಅದನ್ನು ನೋಡಿದ ಪಂಚಾಯಿತಿಯವರು ಈ ಊರಿಗೆ ನೀರಿನ ಕಷ್ಟವೇ ಇಲ್ಲ ಎಂದುಕೊಂಡಿದ್ದರೆ ಅವರದು ತಪ್ಪಾಗುತ್ತಿರಲಿಲ್ಲ.

ನೀರಿಲ್ಲದ ಬಾವಿಯನ್ನು ನಕ್ಷೆಯಲ್ಲಿ ಯಾಕೆ ತೋರಿಸಬೇಕು ಎಂದು ಕೆಲವರು ಕೇಳಬಹುದು. 1854ರಲ್ಲಿ ಲಂಡನ್ನಿನ ಸೋಹೋ ಬಡಾವಣೆಯಲ್ಲಿ ಕಾಲರಾ ಬಂದಾಗ ಡಾಕ್ಟರ್ ಜಾನ್ ಸ್ನೋ ಸಾವುಗಳನ್ನು ಮನೆಮನೆಯ ಎದುರು ನಕ್ಷೆಯಲ್ಲಿ ಗುರುತಿಸಿದ. ಗುರುತುಗಳು ಬ್ರಾಡ್ ಸ್ಟ್ರೀಟಿನ ಕೈಪಂಪಿನ ಸುತ್ತ ಮುತ್ತಿಕೊಂಡಿದ್ದವು. ಆದರೆ ಪಂಪಿನ ಹತ್ತಿರವೇ ಇದ್ದ ಬಿಯರ್ ಕಾರ್ಖಾನೆಯ ಕೆಲಸಗಾರರು ಯಾಕೆ ಸಾಯಲಿಲ್ಲ ಎಂಬುದನ್ನೂ ಆತ ವಿಚಾರಿಸಿದ. ಅವರು ಆ ಪಂಪಿನ ನೀರನ್ನೇ ಕುಡಿಯುತ್ತಿರಲಿಲ್ಲ! ರೋಗ ಬಂದ ಕಡೆ, ಬಾರದ ಕಡೆ ಎರಡನ್ನೂ ಪರಿಶೀಲಿಸಿದ್ದರಿಂದಲೇ ಆತನ ವಾದಕ್ಕೆ ಬಲ ಬಂತು. ನೀರಿರುವ ಬಾವಿ, ಇಲ್ಲದ ಬಾವಿ ಎರಡೂ ಇದ್ದರೆ ಮಾತ್ರ ನಮ್ಮ ನಕ್ಷೆಯೂ ನಿಜ ಹೇಳುತ್ತದೆ.

ತಿದ್ದುವಾಗ ಎಚ್ಚರಿಕೆ

ಸೇವ್ ಮಾಡುವ ಮೊದಲೇ ಎಣಿಸಿದ್ದರೆ ನಾವು ಸುಲಭವಾಗಿ ಪಾರಾಗುತ್ತಿದ್ದೆವು. ಅಲ್ಲಿಯವರೆಗೆ ಮಾಡಿದ ತಿದ್ದುಪಡಿಗಳನ್ನು ಒಂದೊಂದಾಗಿ ಹಿಂದಕ್ಕೆ ಪಡೆಯಬಹುದು, ಬೇಡವೆಂದರೆ ಒಟ್ಟಿಗೇ ಕೈಬಿಡಬಹುದು. ಸೇವ್ ಆದ ಮೇಲೆ ಆ ದಾರಿ ಮುಚ್ಚುತ್ತದೆ. ನಮ್ಮನ್ನು ಉಳಿಸಿದ್ದು ನೋಟ್‌ಬುಕ್ಕುಗಳು. ಎರಡು ಕಡೆ ಬೆವರಿಗೆ ಅಂಕಿಗಳು ಅಳಿಸಿದ್ದವು. ಆ ಎರಡು ಹೊಲಗಳಿಗೆ ಮಕ್ಕಳು ಮತ್ತೆ ನಡೆದುಹೋಗಿ ಬಂದರು.

ಆಮೇಲೆ ಪ್ರತಿಯೊಂದು ತಿದ್ದುಪಡಿಯಲ್ಲೂ ಎಚ್ಚರ ವಹಿಸಿದೆವು. ಒಂದು ತಂಡ ಆಳವನ್ನು ಮೀಟರಿನಲ್ಲಿ ಬರೆದಿತ್ತು, ಉಳಿದವರು ಅಡಿಯಲ್ಲಿ. ಆ ತಂಡದ ಸಾಲುಗಳನ್ನಷ್ಟೇ ಆರಿಸಿ 3.28ರಿಂದ ಗುಣಿಸಬೇಕು. ಲೆಕ್ಕ ಮಾಡುವ ಕಿಟಕಿಯಲ್ಲಿ "ಆರಿಸಿದವುಗಳಿಗೆ ಮಾತ್ರ" ಎಂಬ ಅರ್ಥದ ಒಂದು ಸಣ್ಣ ಚೌಕವಿದೆ. ಅದರ ಗುರುತು ತಪ್ಪಿದರೆ ಉಳಿದ ತಂಡಗಳ 300 ಅಡಿಯ ಬೋರ್‌ವೆಲ್ ಕೂಡ 984 ಅಡಿಯಾಗಿಬಿಡುತ್ತದೆ.

ಕೆರೆಯ ಅಂಚನ್ನು ತಿದ್ದುವಾಗ ಇನ್ನೊಂದು ಪಾಠ. ಬಹುಭುಜಾಕೃತಿಯ ಒಂದೊಂದು ಮೂಲೆಯನ್ನೂ ಹಿಡಿದು ಸರಿಸುವ ಉಪಕರಣವಿದೆ. ಕೆರೆಗೂ ಪಕ್ಕದ ಹೊಲಕ್ಕೂ ಒಂದೇ ಅಂಚು. ಕೆರೆಯದನ್ನು ಮಾತ್ರ ಸರಿಸಿದರೆ ನಡುವೆ ಯಾರಿಗೂ ಸೇರದ ಸೀಳು ಉಳಿಯುತ್ತದೆ, ಇಲ್ಲವೇ ಕೆರೆ ಹೊಲದ ಮೇಲೆ ಹತ್ತುತ್ತದೆ. ಮೂಲೆಗಳು ಒಂದಕ್ಕೊಂದು ಅಂಟಿಕೊಳ್ಳುವ ಏರ್ಪಾಡನ್ನು ಮೊದಲೇ ಚಾಲೂ ಮಾಡಿಕೊಂಡರೆ ಈ ತೊಂದರೆ ತಪ್ಪುತ್ತದೆ. ಬೇಸಿಗೆಯ ಉಪಗ್ರಹ ಚಿತ್ರವನ್ನು ನೋಡಿ ನೀರಿನ ಅಂಚನ್ನೇ ಎಳೆದರೆ ಕೆರೆ ಚಿಕ್ಕದಾಗುತ್ತದೆ ಎಂಬುದೂ ನೆನಪಿರಲಿ. ನೀರು ಇಂಗಿದ ಮಾತ್ರಕ್ಕೆ ಕೆರೆಯಂಗಳ ಕೆರೆಯದಲ್ಲವೇ? ಮಕ್ಕಳ ನಕ್ಷೆ ಸರ್ವೆ ಇಲಾಖೆಯ ದಾಖಲೆಯಲ್ಲ, ನಿಜ. ಆದರೂ ಗೋಡೆಗೆ ತೂಗಿದ ಮೇಲೆ ಜನ ಅದನ್ನು ನಂಬುತ್ತಾರೆ.

ವಿದ್ಯಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ. ತಿದ್ದುವ ಮೊದಲು ಕಡತದ ಒಂದು ಪ್ರತಿ ಮಾಡಿಟ್ಟುಕೊಳ್ಳಿ. ಹೊಸ ಕೆಲಸ ಶುರು ಮಾಡುವಾಗ ಹಳೆಯ ಆಯ್ಕೆಯನ್ನು ಪೂರ್ತಿ ಬಿಡಿಸಿ. ಎಷ್ಟು ವಸ್ತುಗಳು ಆರಿಸಲ್ಪಟ್ಟಿವೆ ಎಂದು ಪರದೆಯ ಕೆಳಗಿನ ಪಟ್ಟಿ ಹೇಳುತ್ತದೆ, ಓದಿ. ಪೆಟ್ಟಿಗೆ ಬಂದರೆ ಅದನ್ನೂ ಓದಿ, ಅರ್ಥವಾಗದಿದ್ದರೆ ಕೇಳಿ. ನೋಟ್‌ಬುಕ್ ಎಸೆಯಬೇಡಿ. ಪೋಷಕರೇ, ಮಗ ಅಥವಾ ಮಗಳು ಗಣಕಯಂತ್ರದ ಮುಂದೆ ಕೂತು ಬೇಗ ಬೇಗ ಕೀಲಿ ಒತ್ತುವುದನ್ನು ಕಂಡು ಹಿಗ್ಗುವುದು ಸಹಜ. ಒತ್ತುವ ಮೊದಲು ಒಂದು ಕ್ಷಣ ನಿಂತು ನೋಡುತ್ತಾರೆಯೇ ಎಂಬುದನ್ನೂ ಗಮನಿಸಿ.

ಹೊಸ ನಕ್ಷೆಯಲ್ಲಿ ನೀರಿರುವ ಬೋರ್‌ವೆಲ್‌ಗಳಿಗೆ ತುಂಬಿದ ನೀಲಿ ವೃತ್ತ, ಬತ್ತಿದವಕ್ಕೆ ಖಾಲಿ ವೃತ್ತ ಕೊಟ್ಟೆವು. ಒಟ್ಟು 41. ಪಂಚಾಯಿತಿಗೆ ಕೊಡುವ ಮೊದಲು ಆ ಹುಡುಗ ತನ್ನ ತಂದೆಯನ್ನು ಕರೆತಂದ. ಅವರು ಖಾಲಿ ವೃತ್ತದ ಮೇಲೆ ಬೆರಳಿಟ್ಟು, ಪಕ್ಕದಲ್ಲಿದ್ದ ಅಂಕಿ ನೋಡಿ, "620 ಅಲ್ಲ ಸಾರ್, 680 ಅಡಿ. ದುಡ್ಡು ಕೊಟ್ಟವನು ನಾನು" ಎಂದರು. ಹುಡುಗ ಗಣಕದ ಮುಂದೆ ಕೂತ. ಹಳೆಯ ಆಯ್ಕೆಯನ್ನು ಬಿಡಿಸಿದ. ತಮ್ಮ ಹೊಲದ ಚುಕ್ಕೆಯನ್ನು ಆರಿಸಿದ. ಕೆಳಗಿನ ಪಟ್ಟಿಯಲ್ಲಿ ಒಂದು ಎಂದು ಇರುವುದನ್ನು ಗಟ್ಟಿಯಾಗಿ ಓದಿದ. ಆಮೇಲೆ 680 ಎಂದು ತಿದ್ದಿದ.