ಎದೆಯ ಚಿತ್ರದಲ್ಲೊಂದು ನೇರ ಗೆರೆ

ಕ್ಯಾನ್ಸರ್ ಚಿಕಿತ್ಸೆಗೆ ಕೊಡುವ ವಿಕಿರಣದಿಂದ ದೇಹದೊಳಗೆ ಆಗುವ ಗಾಯ ಬೆಂಕಿಯ ಸುಟ್ಟಗಾಯದಂತೆ ಕೂಡಲೇ ಕಾಣುವುದಿಲ್ಲ. ಡಿಎನ್ಎಗೆ ಬಿದ್ದ ಪೆಟ್ಟನ್ನು ಹೊತ್ತುಕೊಂಡೇ ಜೀವಕೋಶಗಳು ಕೆಲಕಾಲ ಬದುಕಿದ್ದು, ವಿಭಜನೆಯ ಸರದಿ ಬಂದಾಗ ಸಾಯುತ್ತವೆ. ಬೇಗ ಬೇಗ ಹೊಸದಾಗುವ ಬಾಯಿ, ಕರುಳಿನ ಒಳಪದರದಲ್ಲಿ ಹಾನಿ ಕೆಲವೇ ವಾರಗಳಲ್ಲಿ ತೋರುತ್ತದೆ. ಶ್ವಾಸಕೋಶದಲ್ಲಿ ತಿಂಗಳುಗಳು ಬೇಕು. ಮಿದುಳು, ಮೂಳೆಗಳಲ್ಲಿ ವರ್ಷಗಳೇ ಹಿಡಿಯಬಹುದು. ಅಷ್ಟು ಹೊತ್ತಿಗೆ ರೋಗಿ ಚಿಕಿತ್ಸೆ ಪಡೆದ ಊರು ಬಿಟ್ಟು ಮನೆ ಸೇರಿರುತ್ತಾನೆ.

ನೀಲಗಿರಿಯಲ್ಲಿ ಇದು ಸಣ್ಣ ತೊಡಕಲ್ಲ. ಉದಕಮಂಡಲದ (ಊಟಿಯ) ಸರ್ಕಾರಿ ವೈದ್ಯಕೀಯ ಕಾಲೇಜು ಉದ್ಘಾಟನೆಯಾದದ್ದೇ 2022ರಲ್ಲಿ. ಜನರ ಬಾಯಲ್ಲಿ ‘ಕರೆಂಟ್ ಕೊಡಿಸುವುದು’ ಎನಿಸಿಕೊಂಡ ವಿಕಿರಣ ಚಿಕಿತ್ಸೆಗೆ ಕ್ಯಾನ್ಸರ್ ರೋಗಿಗಳು ಬಹುಮಟ್ಟಿಗೆ ಘಟ್ಟ ಇಳಿದು ಕೊಯಮತ್ತೂರಿಗೋ ಮೈಸೂರಿಗೋ ಹೋಗುವವರು. ಗೂಡಲೂರು, ಮಸಿನಗುಡಿಯಿಂದ ಮೈಸೂರಿಗೆ ಹೋಗುವ ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಕೆಮ್ಮು ಬಂತೆಂದು ಮತ್ತೆ ಅಷ್ಟು ದೂರ ಹೋಗುವವರು ಕಡಿಮೆ. ಹತ್ತಿರದಲ್ಲೇ ಒಂದು ಎಕ್ಸ್-ರೇ ತೆಗೆಸುತ್ತಾರೆ.

ಸ್ತನ ಕ್ಯಾನ್ಸರನ್ನೇ ನೋಡಬಹುದು. 50 ಗ್ರೇ (ಗ್ರೇ ಎಂಬುದು ವಿಕಿರಣದ ಪ್ರಮಾಣ ಅಳೆಯುವ ಮಾನ) ವಿಕಿರಣವನ್ನು 25 ಕಂತುಗಳಲ್ಲಿ, ಅಥವಾ 40 ಗ್ರೇಯನ್ನು 15 ಕಂತುಗಳಲ್ಲಿ ಕೊಡುವುದು ರೂಢಿ. ಎದೆಯ ಗೋಡೆಯ ಹಿಂದಿರುವ ಶ್ವಾಸಕೋಶದ ತೆಳುವಾದ ಅಂಚು ಆ ಕಿರಣಕ್ಕೆ ಸಿಕ್ಕಿಬೀಳುತ್ತದೆ. ಚಿಕಿತ್ಸೆ ಮುಗಿದ ಒಂದರಿಂದ ಮೂರು ತಿಂಗಳಲ್ಲಿ ಕೆಲವರಿಗೆ ಒಣಕೆಮ್ಮು, ಸಣ್ಣ ಜ್ವರ, ಏದುಸಿರು. ಊಟಿಯ ಚಳಿಯಲ್ಲಿ ಕೆಮ್ಮನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಮೊದಮೊದಲು ಎಕ್ಸ್-ರೇಯಲ್ಲೂ ಏನೂ ಕಾಣದಿರಬಹುದು. ಸಿ.ಟಿ. ಸ್ಕ್ಯಾನಿನಲ್ಲಿ ಮಾತ್ರ, ಬೆಳಗಿನ ಮಂಜು ಕಿಟಕಿ ಗಾಜಿಗೆ ಕೂತಂತೆ ಒಂದು ಮಸುಕು ಕಾಣುತ್ತದೆ.

ಆ ಮಸುಕಿನ ಅಂಚನ್ನು ನೋಡಬೇಕು. ನ್ಯುಮೋನಿಯಾ ಶ್ವಾಸಕೋಶದ ಹಾಲೆಗಳ ಎಲ್ಲೆಯನ್ನು ಅನುಸರಿಸುತ್ತದೆ. ಕಿರಣಕ್ಕೆ ಆ ಎಲ್ಲೆಗಳ ಹಂಗಿಲ್ಲ. ಸ್ಕೇಲ್ ಇಟ್ಟು ಗೀಚಿದಂತೆ ನೇರ ಗೆರೆಯೊಂದು ಕಂಡರೆ ಅದು ಬಹುಪಾಲು ಯಂತ್ರದ ಗುರುತು. ಆದರೆ ಕುತ್ತಿಗೆಯ ಬುಡಕ್ಕೂ ವಿಕಿರಣ ಕೊಟ್ಟಿದ್ದರೆ ಕಲೆ ಬೀಳುವುದು ಶ್ವಾಸಕೋಶದ ತುದಿಯಲ್ಲಿ, ಅಂದರೆ ಕ್ಷಯ ಕೂರುವ ಜಾಗದಲ್ಲೇ. ತಪ್ಪಾಗಿ ಓದಿದರೆ ಸ್ಟೀರಾಯ್ಡ್ ಬೇಕಾದವರ ಕೈಗೆ ಆರು ತಿಂಗಳ ಟಿ.ಬಿ. ಮಾತ್ರೆ ಬರುತ್ತದೆ.

ವಿಕಿರಣ ಚಿಕಿತ್ಸೆ ಮುಗಿದ ಆರು ತಿಂಗಳ ನಂತರ ಮಸುಕು ಗಟ್ಟಿಯಾಗಿ ನಾರಿನಂತೆ ಸುಕ್ಕುಗಟ್ಟುತ್ತದೆ, ಸುಮಾರು ಎರಡು ವರ್ಷಕ್ಕೆ ಇದ್ದಂತೆಯೇ ನಿಲ್ಲುತ್ತದೆ. ನಿಂತ ಕಲೆ ಮತ್ತೆ ಉಬ್ಬಿದರೆ ಕ್ಯಾನ್ಸರ್ ಮರಳಿತೇ ಎಂಬ ಶಂಕೆ ಏಳುತ್ತದೆ. ಪೆಟ್ ಸ್ಕ್ಯಾನ್ ಇಲ್ಲಿ ನೆರವಾಗುತ್ತದಾದರೂ ಉರಿಯೂತವೂ ಅದರಲ್ಲಿ ಗೆಡ್ಡೆಯಂತೆ ಹೊಳೆಯುತ್ತದೆ; ಅದಕ್ಕೇ ಚಿಕಿತ್ಸೆ ಮುಗಿದು ಸುಮಾರು ಮೂರು ತಿಂಗಳು ಕಾಯುತ್ತಾರೆ.

ಮಿದುಳಿನಲ್ಲಿ ಒಗಟು ಇನ್ನೂ ಬಿಗಿ. ವಿಕಿರಣದಿಂದ ಸತ್ತ ಅಂಗಾಂಶವೂ ಮರುಕಳಿಸಿದ ಗೆಡ್ಡೆಯೂ ಸಾಮಾನ್ಯ ಎಂ.ಆರ್.ಐ.ಯಲ್ಲಿ ಒಂದೇ ಥರ ಬೆಳ್ಳಗೆ ಹೊಳೆಯುತ್ತವೆ. ಗೆಡ್ಡೆಗೆ ರಕ್ತ ಹೆಚ್ಚು ಹರಿಯುತ್ತದೆ, ಸತ್ತ ಜಾಗಕ್ಕೆ ಕಡಿಮೆ. ರಕ್ತದ ಹರಿವನ್ನು ಅಳೆಯುವ ಎಂ.ಆರ್.ಐ. ಆ ವ್ಯತ್ಯಾಸ ಹಿಡಿಯುತ್ತದೆ, ಸದಾ ಅಲ್ಲ. ಕೆಲವೊಮ್ಮೆ ಚೂರು ತೆಗೆದು ಪರೀಕ್ಷಿಸದೆ ಗತಿಯಿಲ್ಲ. ಬೆನ್ನುಮೂಳೆಯದು ಸುಲಭ: ಕಿರಣ ತಾಗಿದ ಕಶೇರುಗಳ ಮಜ್ಜೆ ಕೊಬ್ಬಾಗಿ ಎಂ.ಆರ್.ಐ.ಯಲ್ಲಿ ಬೆಳ್ಳಗೆ ಕಾಣುತ್ತದೆ, ಪಕ್ಕದ್ದು ಮೊದಲಿನಂತೆಯೇ.

ಇಷ್ಟು ಗಾಯಕ್ಕೆ ಹತ್ತಾರು ಗ್ರೇ ಬೇಕು. ಗೂಡಲೂರಿನ ಮಣ್ಣಿನಲ್ಲಿರುವ ಥೋರಿಯಂನ ವಿಕಿರಣ, ಊಟಿ ಬಳಿಯ ಗ್ರೇಪ್ಸ್-3 ಪ್ರಯೋಗ ಅಳೆಯುವ ವಿಶ್ವಕಿರಣ, ಕೊನೆಗೆ ಸಿ.ಟಿ. ಸ್ಕ್ಯಾನ್ ಕೂಡ ಆ ಮಟ್ಟದ ಹತ್ತಿರಕ್ಕೂ ಬರುವುದಿಲ್ಲ.

ಈಗಿನ ಯಂತ್ರಗಳು ಹಲವು ಕೋನಗಳಿಂದ ಕಿರಣ ಬಿಡುವುದರಿಂದ ಆ ನೇರ ಗೆರೆಯೂ ಮಾಯವಾಗುತ್ತಿದೆ. ಉಳಿದ ಕಲೆಯನ್ನು ಓದಲು ಚಿಕಿತ್ಸೆಯ ನಕ್ಷೆಯೇ ಬೇಕು. ಘಟ್ಟ ಹತ್ತಿ ಮನೆಗೆ ಮರಳುವ ರೋಗಿ ಆಸ್ಪತ್ರೆಯಿಂದ ಮೂರನ್ನು ಕೇಳಿ ಪಡೆಯಬೇಕು: ಎಷ್ಟು ಗ್ರೇ, ಎಷ್ಟು ಕಂತು ಎಂಬ ಬರಹ, ಕಿರಣ ಬಿದ್ದ ಜಾಗದ ನಕ್ಷೆ, ಚಿಕಿತ್ಸೆಗೆ ಮುಂಚಿನ ಸ್ಕ್ಯಾನಿನ ಸಿ.ಡಿ.