ತಾಳ ತಪ್ಪಿದ್ದು ಮಗಳೋ, ಯಂತ್ರವೋ?

ಮನೆಯಲ್ಲಿ ಮಕ್ಕಳು ಹಮ್ದ್, ನಾತ್ ಹಾಡಿ ರೆಕಾರ್ಡ್ ಮಾಡಿಕೊಳ್ಳುವುದು ಹೊಸ ವಿಷಯವೇನಲ್ಲ. ಹಿಂದೆ ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತಿ ಇಡೀ ಮನೆಯೇ ಉಸಿರು ಬಿಗಿಹಿಡಿದು ಕೂರುತ್ತಿತ್ತು. ಈಗ ಒಂದು ಹಳೆಯ ಲ್ಯಾಪ್‌ಟಾಪ್, ಸಾಧಾರಣ ಬೆಲೆಯ ಯುಎಸ್‌ಬಿ ಮೈಕ್ ಮತ್ತು ಪುಕ್ಕಟೆ ಸಿಗುವ ಅಡಾಸಿಟಿ ಎಂಬ ತಂತ್ರಾಂಶ ಇದ್ದರೆ ಸಾಕು. ಅಕ್ಕ ಹಾಡಿದ್ದನ್ನು ಕಿವಿಯಲ್ಲಿ ಕೇಳುತ್ತಾ ತಂಗಿ ಎರಡನೆಯ ದನಿ ಹಾಡಬಹುದು, ಅದರ ಮೇಲೆ ತಮ್ಮ ದಫ್ ಬಾರಿಸಬಹುದು. ಹೀಗೆ ಪದರ ಪದರವಾಗಿ ಸೇರಿಸುವುದಕ್ಕೆ ಮಲ್ಟಿಟ್ರ್ಯಾಕ್ ರೆಕಾರ್ಡಿಂಗ್ ಎನ್ನುತ್ತಾರೆ. (ದಫ್ ಬೇಕೇ ಬೇಡವೇ ಎಂಬ ಚರ್ಚೆಯನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಬರಿಯ ದನಿಗಳನ್ನು ಸೇರಿಸುವವರಿಗೂ ತೊಂದರೆ ಇದೇ.)

ತೊಂದರೆ ಏನೆಂದರೆ, ಹಾಡುವಾಗ ಎಲ್ಲವೂ ಸರಿಯಾಗಿರುತ್ತದೆ, ಮುಗಿಸಿ ಕೇಳಿದರೆ ಒಬ್ಬರ ಹಿಂದೆ ಒಬ್ಬರು ಓಡುತ್ತಿರುವಂತೆ ಕೇಳಿಸುತ್ತದೆ. ಆಗ ನಾವು ಮಾಡುವ ಮೊದಲ ಕೆಲಸ ಯಾವುದು ಹೇಳಿ? ಮಗುವನ್ನು ಗದರುವುದು.

ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯ ಒಂದು ಮನೆಯ ವಿಷಯ ಹೇಳುತ್ತೇನೆ. ಒಂಬತ್ತನೇ ತರಗತಿಯ ಹುಡುಗಿ, ಕೊರಳು ಚೆನ್ನಾಗಿದೆ. ಅಕ್ಕನ ದನಿಯ ಮೇಲೆ ಮೂರು ಸಂಜೆ ಹಾಡಿದಳು. ಮೂರು ಸಲವೂ ಹಿಂದೆ ಬಿದ್ದಿತು. "ಆಪಾ ಎಷ್ಟು ಚೆನ್ನಾಗಿ ಹಾಡಿದ್ದಾಳೆ, ನಿನಗೆ ತಾಳವೇ ಇಲ್ಲ" ಎಂದರು ಅಮ್ಮಿ. ನಾಲ್ಕನೇ ಸಂಜೆ ಹುಡುಗಿ ಮೈಕ್ ಮುಂದೆ ಬರಲೇ ಇಲ್ಲ. "ನನ್ನಿಂದ ಆಗೋದಿಲ್ಲ ಅಮ್ಮಿ, ಆಪಾನೇ ಹಾಡಲಿ" ಎಂದುಬಿಟ್ಟಳು. ಆದರೆ ಅವಳ ಕಿವಿಯಲ್ಲಿದ್ದದ್ದು ಬ್ಲೂಟೂತ್ ಇಯರ್‌ಫೋನ್. ಅಕ್ಕನ ದನಿ ಲ್ಯಾಪ್‌ಟಾಪಿನಿಂದ ಗಾಳಿಯ ಮೂಲಕ ಅವಳ ಕಿವಿಗೆ ತಲುಪುವುದೇ ತಡವಾಗಿತ್ತು. ಕೇಳಿದ ಕ್ಷಣಕ್ಕೆ ಸರಿಯಾಗಿ ಹಾಡಿದ್ದಳು ಹುಡುಗಿ. ಅಳೆದು ನೋಡಿದರೆ ಮೂರೂ ಸಂಜೆಯ ಹಾಡು ಮೊದಲಿಂದ ಕೊನೆಯವರೆಗೆ ಒಂದೇ ಅಳತೆಯಲ್ಲಿ, ಸುಮಾರು 180 ಮಿಲಿಸೆಕೆಂಡ್ ಹಿಂದಿತ್ತು. ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲು ಒಂದು ಮಿಲಿಸೆಕೆಂಡ್. ನಿಮಿಷಕ್ಕೆ 90 ಪೆಟ್ಟಿನ ಹಾಡಿನಲ್ಲಿ 180 ಮಿಲಿಸೆಕೆಂಡ್ ಎಂದರೆ ಒಂದು ಪೆಟ್ಟಿನ ಕಾಲು ಭಾಗಕ್ಕೂ ಹೆಚ್ಚು. ಯಾರ ಕಿವಿಗಾದರೂ ತಪ್ಪೆಂದೇ ಕೇಳಿಸುತ್ತದೆ.

ತಾಳವಿಲ್ಲದವರು ಒಂದು ಸಾಲಿನಲ್ಲಿ ಹಿಂದೆ ಬಿದ್ದರೆ ಇನ್ನೊಂದರಲ್ಲಿ ಮುಂದೆ ಓಡುತ್ತಾರೆ. ನಾಲ್ಕು ನಿಮಿಷವೂ ಒಂದೇ ಅಳತೆಯಲ್ಲಿ ತಪ್ಪುವುದು ಮನುಷ್ಯರಿಂದ ಆಗದ ಕೆಲಸ. ಹೊಸದಾಗಿ ಹಾಡಿಸುವ ಅಗತ್ಯವೂ ಬೀಳಲಿಲ್ಲ. ಪರದೆಯ ಮೇಲೆ ಆ ಟ್ರ್ಯಾಕನ್ನು ಹಿಡಿದು 180 ಮಿಲಿಸೆಕೆಂಡ್ ಎಡಕ್ಕೆ ಸರಿಸಿದರೆ ಮೂರೂ ಸಂಜೆಯ ಹಾಡು ಅಕ್ಕನ ದನಿಗೆ ಸರಿಯಾಗಿ ಕೂತಿತು.

ಸದ್ದಿಗೂ ಪ್ರಯಾಣದ ಸಮಯ ಬೇಕು ಎಂಬುದನ್ನು ನಾವು ದಿನವೂ ಅನುಭವಿಸುತ್ತೇವೆ. ಬಂಗಾರಪೇಟೆಯಲ್ಲಿ ಸಂಜೆ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುವಾಗ ಬಯಾನ್ ನಡೆಯುತ್ತಿದ್ದರೆ ಗಮನಿಸಿ. ಹತ್ತಿರದ ಲೌಡ್‌ಸ್ಪೀಕರಿನಿಂದ ಒಂದು ಮಾತು ಕೇಳಿಸುತ್ತದೆ, ಬೀದಿಯ ಆ ತುದಿಯ ಸ್ಪೀಕರಿನಿಂದ ಅದೇ ಮಾತು ಮತ್ತೊಮ್ಮೆ ಬರುತ್ತದೆ. ತಂತಿಯಲ್ಲಿ ಎರಡಕ್ಕೂ ಒಟ್ಟಿಗೆ ತಲುಪಿದ ದನಿಯೇ ಅದು. ಗಾಳಿಯಲ್ಲಿ ಮಾತ್ರ ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಷ್ಟೇ ಬರುತ್ತದೆ, ಅಂದರೆ ಒಂದು ಮೀಟರಿಗೆ ಸುಮಾರು ಮೂರು ಮಿಲಿಸೆಕೆಂಡ್. ನಮ್ಮ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಮೇಲೆ ನಿಂತು ಕೂಗಿದ ಕೂಗು ತಳದವರೆಗೆ ಕೇಳಿಸುವಂತಿದ್ದರೆ ಒಂಬತ್ತು ಸೆಕೆಂಡ್ ಕಾಯಬೇಕಿತ್ತು! ಕೋಣೆಯೊಳಗೆ ಒಂದೆರಡು ಮೀಟರ್ ದೂರ ಲೆಕ್ಕಕ್ಕೆ ಬರುವುದಿಲ್ಲ. ತಡವಾಗುವುದು ಕಂಪ್ಯೂಟರಿನ ಹೊಟ್ಟೆಯೊಳಗೆ.

ಅಲ್ಲಿ ನಡೆಯುವುದನ್ನು ತಿಳಿಯಲು ನಲ್ಲಿಯನ್ನು ನೆನೆಸಿಕೊಳ್ಳಿ. ಕೋಲಾರ ಸೀಮೆಯವರಿಗೆ ನೀರು ಹಿಡಿಯುವ ಕಷ್ಟ ಹೇಳಿಕೊಡಬೇಕಾಗಿಲ್ಲ. ನಾವು ನಲ್ಲಿಯಿಂದ ಒಳಗೆ ಹನಿ ಹನಿಯಾಗಿ ನೀರು ಒಯ್ಯುವುದಿಲ್ಲ, ಬಿಂದಿಗೆ ತುಂಬಿದ ಮೇಲೆ ಹೊರುತ್ತೇವೆ. ಕಂಪ್ಯೂಟರ್ ಕೂಡ ಹಾಗೆಯೇ. ದನಿಯನ್ನು ಅದು ಸೆಕೆಂಡಿಗೆ 44,100 ಸಲ ಅಳೆಯುತ್ತದೆ, ಆ ಅಳತೆಗಳನ್ನು ಒಂದು ಪಾತ್ರೆಯಲ್ಲಿ ತುಂಬಿಕೊಂಡು ಒಟ್ಟಿಗೆ ಒಯ್ಯುತ್ತದೆ. ಆ ಪಾತ್ರೆಗೆ ಬಫರ್ ಎಂದು ಹೆಸರು. 256 ಅಳತೆ ಹಿಡಿಯುವ ಪಾತ್ರೆ ತುಂಬಲು ಆರು ಮಿಲಿಸೆಕೆಂಡ್ ಸಾಕು, 1024ರ ಪಾತ್ರೆಗೆ 23, 2048ರ ಪಾತ್ರೆಗೆ 46 ಬೇಕು. ಒಳಗೆ ಹೋಗುವಾಗ ಒಂದು ಪಾತ್ರೆ, ಹೊರಗೆ ಬರುವಾಗ ಇನ್ನೊಂದು. ಹಾಗಾದರೆ ಚಿಕ್ಕ ಚೊಂಬನ್ನೇ ಇಟ್ಟುಕೊಳ್ಳಬಾರದೇ ಎನ್ನುತ್ತೀರಿ. ಇಡಬಹುದು. ಆದರೆ ಚೊಂಬು ಬೇಗ ತುಂಬುತ್ತದೆ, ಹೊರುವವರು ಬೇರೆ ಕೆಲಸದಲ್ಲಿದ್ದರೆ ಚೆಲ್ಲುತ್ತದೆ. ಹಾಗೆ ಚೆಲ್ಲಿದ್ದೇ ರೆಕಾರ್ಡಿಂಗಿನಲ್ಲಿ ಪಟ್ ಪಟ್ ಎಂದು ಕೇಳಿಸುವುದು. ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದಾಗ ಈ ಪಟಪಟ ಹೆಚ್ಚುತ್ತದೆ, ಏಕೆಂದರೆ ಬ್ಯಾಟರಿ ಉಳಿಸಲು ಅದು ತನ್ನ ಕೆಲಸವನ್ನೇ ನಿಧಾನ ಮಾಡಿಕೊಳ್ಳುತ್ತದೆ. ಮೈಕಿಗೆ ಬೈಯಬೇಡಿ. ಚಾರ್ಜರ್ ಹಾಕಿ, ತೆರೆದಿಟ್ಟ ಬೇರೆ ಕಿಟಕಿಗಳನ್ನು ಮುಚ್ಚಿ, ವೈ-ಫೈ ಆರಿಸಿ.

ಇದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ಕಾಯಿಲೆಯೂ ಅಲ್ಲ. ಹಳೆಯ ಟೇಪ್ ಯಂತ್ರಗಳಲ್ಲಿ ರೆಕಾರ್ಡ್ ಮಾಡುವ ಹೆಡ್ ಒಂದು ಕಡೆ, ಕೇಳಿಸುವ ಹೆಡ್ ಇನ್ನೊಂದು ಕಡೆ ಇರುತ್ತಿತ್ತು. ಟೇಪು ಸೆಕೆಂಡಿಗೆ 15 ಅಂಗುಲ ಓಡುವಾಗ ಎರಡರ ನಡುವೆ ಒಂದೂವರೆ ಅಂಗುಲ ಇದ್ದರೂ ಸೆಕೆಂಡಿನ ಹತ್ತನೇ ಒಂದು ಪಾಲು ತಡ. ಅಮೆರಿಕದ ಆ್ಯಂಪೆಕ್ಸ್ ಕಂಪೆನಿಯವರು ರೆಕಾರ್ಡ್ ಮಾಡುವ ಹೆಡ್ಡಿನಿಂದಲೇ ಹಳೆಯ ದನಿಯನ್ನೂ ಕೇಳಿಸುವ ಉಪಾಯ ಹುಡುಕಿ ಅದಕ್ಕೆ ಸೆಲ್-ಸಿಂಕ್ ಎಂದು ಹೆಸರಿಟ್ಟರು. ತಮ್ಮ ಎಂಟು ಟ್ರ್ಯಾಕಿನ ಮೊದಲ ಯಂತ್ರವನ್ನು 1957ರಲ್ಲಿ ಗಿಟಾರ್ ವಾದಕ ಲೆಸ್ ಪಾಲ್‌ಗೆ ಕೊಟ್ಟರು. ಅಷ್ಟು ದೊಡ್ಡ ಕಲಾವಿದರಿಗೇ ಯಂತ್ರದ ತಡವನ್ನು ಸರಿಪಡಿಸಿ ಕೊಡಬೇಕಾಗಿದ್ದರೆ ನಮ್ಮ ಮನೆಯ ಹುಡುಗಿಯನ್ನು ದೂರುವುದು ಯಾವ ನ್ಯಾಯ?

ಈಗ ನಿಮ್ಮ ಮನೆಯ ತೊಂದರೆ ಯಾವುದೆಂದು ನೋಡೋಣ. ಡಾಕ್ಟರು ಜ್ವರ ಯಾವ ಹೊತ್ತಿಗೆ ಏರುತ್ತದೆ ಎಂದು ಕೇಳುವಂತೆ ಇಲ್ಲಿಯೂ ಮೊದಲ ಪ್ರಶ್ನೆ ಒಂದೇ: ತಡ ಮೊದಲಿಂದ ಕೊನೆಯವರೆಗೆ ಒಂದೇ ಸಮ ಇದೆಯೇ, ಅಥವಾ ಹೋಗುತ್ತಾ ಹೋಗುತ್ತಾ ಹೆಚ್ಚುತ್ತಿದೆಯೇ?

ಒಂದೇ ಸಮ ಇದ್ದರೆ ಔಷಧ ಸುಲಭ. ಮೊದಲು ಬ್ಲೂಟೂತ್ ಕಿತ್ತುಹಾಕಿ. ಸಾಮಾನ್ಯ ಬ್ಲೂಟೂತ್‌ನಲ್ಲಿ 100ರಿಂದ 300 ಮಿಲಿಸೆಕೆಂಡ್ ತಡ ಇರುತ್ತದೆ. ಸಾಲದ್ದಕ್ಕೆ ಅದರ ಮೈಕನ್ನೂ ಬಳಸಿದರೆ ದನಿ ಫೋನಿನಲ್ಲಿ ಮಾತನಾಡಿದಂತೆ ಸಪ್ಪೆಯಾಗುತ್ತದೆ. ಇನ್ನೂರು ಮುನ್ನೂರು ರೂಪಾಯಿಯ ತಂತಿ ಇಯರ್‌ಫೋನ್ ಈ ಕೆಲಸಕ್ಕೆ ಅದಕ್ಕಿಂತ ಎಷ್ಟೋ ಮೇಲು.

ಆಮೇಲೆ ಉಳಿದ ತಡವನ್ನು ಅಳೆಯಿರಿ. ಅಡಾಸಿಟಿಯ ಜನರೇಟ್ ಪಟ್ಟಿಯಲ್ಲಿ ರಿದಮ್ ಟ್ರ್ಯಾಕ್ ಎಂದಿದೆ. ಅದನ್ನು ಒತ್ತಿದರೆ ಟಿಕ್ ಟಿಕ್ ಎಂಬ ಒಂದು ಟ್ರ್ಯಾಕ್ ಸಿದ್ಧವಾಗುತ್ತದೆ. ಇಯರ್‌ಫೋನನ್ನು ಮೈಕಿಗೆ ಒತ್ತಿ ಹಿಡಿದು, ಆ ಟಿಕ್ ಕೇಳಿಸುತ್ತಾ ಹೊಸ ಟ್ರ್ಯಾಕಿನಲ್ಲಿ ರೆಕಾರ್ಡ್ ಮಾಡಿ. ಮೇಲೆ ಕೆಳಗೆ ಎರಡು ಸಾಲು ಟಿಕ್ ಕಾಣುತ್ತವೆ. ದೊಡ್ಡದು ಮಾಡಿ ನೋಡಿದರೆ ಕೆಳಗಿನದು ಎಷ್ಟು ಹಿಂದಿದೆ ಎಂದು ಪರದೆಯೇ ತೋರಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಲೇಟೆನ್ಸಿ ಕಾಂಪೆನ್ಸೇಶನ್ ಎಂಬ ಜಾಗದಲ್ಲಿ ಮೊದಲಿನಿಂದಲೇ ಮೈನಸ್ 130 ಎಂದು ಬರೆದಿರುತ್ತದೆ. ಟಿಕ್ 40 ಮಿಲಿಸೆಕೆಂಡ್ ಹಿಂದೆ ಬಿದ್ದಿದ್ದರೆ ಅದನ್ನು ಮೈನಸ್ 170 ಮಾಡಿ. ಮುಂದೆ ಬಿದ್ದಿದ್ದರೆ ಮೈನಸ್ 90. ಇನ್ನೊಮ್ಮೆ ಅಳೆದು ನೋಡಿ, ಸಾಲುಗಳು ಕೂಡಿಕೊಂಡಿರುತ್ತವೆ. ಹತ್ತು ನಿಮಿಷದ ಕೆಲಸ. ಮೈಕ್ ಬದಲಿಸಿದರೆ ಅಥವಾ ಲ್ಯಾಪ್‌ಟಾಪ್ ಬದಲಿಸಿದರೆ ಮಾತ್ರ ಮತ್ತೆ ಅಳೆಯಬೇಕು.

ಇದರ ಜೊತೆಗೆ ಇನ್ನೊಂದು ಕಾಟವಿದೆ. ಹಾಡುವಾಗ ಮಗುವಿಗೆ ತನ್ನದೇ ದನಿ ಕಂಪ್ಯೂಟರಿನ ಮೂಲಕ ತಡವಾಗಿ ಕೇಳಿಸುವುದು. ಇದು ಲಘುವಾದ ವಿಷಯವಲ್ಲ. ತನ್ನ ಮಾತು ಸೆಕೆಂಡಿನ ಐದನೇ ಒಂದು ಪಾಲಿನಷ್ಟು ತಡವಾಗಿ ಕಿವಿಗೆ ಬಿದ್ದರೆ ಚೆನ್ನಾಗಿ ಮಾತನಾಡುವವರೂ ತೊದಲುತ್ತಾರೆ ಎಂದು ಬರ್ನಾರ್ಡ್ ಲೀ ಎಂಬವರು 1950ರಲ್ಲೇ ತೋರಿಸಿದ್ದರು. ಹಾಡುವವರಿಗೆ 20, 30 ಮಿಲಿಸೆಕೆಂಡೇ ಕಿರಿಕಿರಿ. ಅಡಾಸಿಟಿಯ ಬಫರ್ ಅಳತೆ ಸಾಮಾನ್ಯವಾಗಿ 100 ಮಿಲಿಸೆಕೆಂಡ್ ಇರುತ್ತದೆ. ಆದ್ದರಿಂದ ಸಾಫ್ಟ್‌ವೇರ್ ಪ್ಲೇಥ್ರೂ ಎಂಬುದನ್ನು ಆರಿಸಿ, ಇಯರ್‌ಫೋನಿನ ಒಂದು ಕಡೆ ಮಾತ್ರ ಕಿವಿಗಿಟ್ಟು ಇನ್ನೊಂದು ಕಿವಿ ತೆರೆದಿಡಲು ಹೇಳಿ. ಅಕ್ಕನ ದನಿ ಒಂದು ಕಿವಿಗೆ, ತನ್ನ ದನಿ ಇನ್ನೊಂದಕ್ಕೆ. ಅಂಗಡಿಯವರು ಆಡಿಯೊ ಇಂಟರ್‌ಫೇಸ್ ಎಂಬ ಪೆಟ್ಟಿಗೆ ಕೊಳ್ಳಿರೆಂದು ಹೇಳಬಹುದು. ಅದು ಒಳ್ಳೆಯದೇ. ಮೈಕಿನ ದನಿಯನ್ನು ಕಂಪ್ಯೂಟರಿಗೆ ಸುತ್ತಿಸದೆ ನೇರ ಕಿವಿಗೆ ಕೊಡುವ ಗುಂಡಿ ಅದರಲ್ಲಿರುತ್ತದೆ. ಆದರೆ ಬ್ಲೂಟೂತ್ ಬಿಡದವರಿಗೆ, ಅಳತೆ ಮಾಡದವರಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಮೊದಲೇ ಸಾವಿರಾರು ರೂಪಾಯಿ ಸುರಿಯಬೇಡಿ.

ತಡ ಹೋಗುತ್ತಾ ಹೋಗುತ್ತಾ ಹೆಚ್ಚುತ್ತಿದ್ದರೆ ಕಾಯಿಲೆ ಬೇರೆ. ಅದು ಎರಡು ಗಡಿಯಾರಗಳ ಜಗಳ. 2001ರ ಫೆಬ್ರವರಿ 28ರಂದು ಮುಚ್ಚಿದ ನಮ್ಮ ಗಣಿಗಳಲ್ಲಿ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪಟ್ಟೆಗಳಲ್ಲಿ. ಫೋನು, ಕಂಪ್ಯೂಟರುಗಳ ಒಳಗೆ ಮಿಡಿಯುವ ಗಡಿಯಾರವೂ ಅದೇ ಬೆಣಚಿನ, ಅಂದರೆ ಕ್ವಾರ್ಟ್ಜ್‌ನ, ಒಂದು ಚೂರು. ಈಗ ಅದನ್ನು ಕಾರ್ಖಾನೆಯಲ್ಲಿ ಬೆಳೆಸುತ್ತಾರೆ ಅಷ್ಟೆ. ಎರಡು ಚೂರುಗಳು ಎಂದೂ ಸರಿಸಮವಾಗಿ ಮಿಡಿಯುವುದಿಲ್ಲ. ಹತ್ತು ಲಕ್ಷದಲ್ಲಿ 50ರಷ್ಟು ವ್ಯತ್ಯಾಸವಿದ್ದರೆ ನಿಮಿಷಕ್ಕೆ ಮೂರು ಮಿಲಿಸೆಕೆಂಡ್ ಅಗಲುತ್ತವೆ. ನಾಲ್ಕು ನಿಮಿಷದ ನಾತ್‌ನಲ್ಲಿ 12 ಮಿಲಿಸೆಕೆಂಡ್, ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಒಂದು ಗಂಟೆಯ ಶಾಲಾ ಕಾರ್ಯಕ್ರಮವನ್ನು ಎರಡು ಫೋನಿನಲ್ಲಿ ಹಿಡಿದು ಸೇರಿಸಹೊರಟರೆ 180 ಮಿಲಿಸೆಕೆಂಡ್! ಆಗ ಉದ್ದದ ಟ್ರ್ಯಾಕನ್ನು ಮಾತಿನ ನಡುವಿನ ಮೌನದಲ್ಲಿ ಅಲ್ಲಲ್ಲಿ ತುಂಡರಿಸಿ ಪ್ರತಿ ತುಂಡನ್ನೂ ಅದರದರ ಜಾಗಕ್ಕೆ ಸರಿಸಬೇಕು.

ವ್ಯತ್ಯಾಸ ಸೆಕೆಂಡುಗಟ್ಟಲೆ ಬಂದು ದನಿಯೂ ದಪ್ಪಗಾಗಿದ್ದರೆ ಅದು ಗಡಿಯಾರದ ದೋಷವಲ್ಲ. ಸೆಕೆಂಡಿಗೆ 48,000 ಅಳತೆಯಲ್ಲಿ ಹಿಡಿದದ್ದನ್ನು ಎಲ್ಲೋ 44,100 ಎಂದು ತಿಳಿದು ನುಡಿಸಲಾಗುತ್ತಿದೆ. ಐದು ನಿಮಿಷದ ಹಾಡು ಐದು ನಿಮಿಷ 26 ಸೆಕೆಂಡ್ ಆಗುತ್ತದೆ. ಸಿ.ಡಿ.ಯ ಪದ್ಧತಿ 44,100, ವೀಡಿಯೊದ್ದು 48,000. ಯಾವುದಾದರೂ ಒಂದನ್ನು ಮೊದಲೇ ಆರಿಸಿಕೊಂಡು ಎಲ್ಲ ಕಡೆ ಅದನ್ನೇ ಇಡಿ.

ಇನ್ನು ನಮ್ಮ ಕಡೆ ಹೆಚ್ಚಾಗಿ ಕೇಳಿಬರುವ ಪ್ರಶ್ನೆ. ಖಾಲಾಳ ಮಗಳು ಬಂಗಾರಪೇಟೆಯಲ್ಲಿ, ಇವಳು ಕೆ.ಜಿ.ಎಫ್.ನಲ್ಲಿ, ಭಾಯಿಜಾನ್ ಬೆಂಗಳೂರಿನಲ್ಲಿ. ವೀಡಿಯೊ ಕರೆಯಲ್ಲಿ ಒಟ್ಟಿಗೆ ಹಾಡಬಹುದೇ? ಆಗುವುದಿಲ್ಲ. ಮಾತುಕತೆಗೆ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡ್ ತಡವನ್ನು ಸಹಿಸಬಹುದೆಂದು ಟೆಲಿಫೋನಿನ ಅಂತಾರಾಷ್ಟ್ರೀಯ ನಿಯಮವೇ ಹೇಳುತ್ತದೆ. ಹಾಡಿಗೆ ಅಷ್ಟು ತಡ ನಡೆಯದು. ಒಬ್ಬರು ಮಾದರಿ ಟ್ರ್ಯಾಕ್ ಹಾಡಿ, ಅದರ ಆರಂಭದಲ್ಲಿ ನಾಲ್ಕು ಎಣಿಸಿ ಒಂದು ಚಪ್ಪಾಳೆ ತಟ್ಟಿ ಇಬ್ಬರಿಗೂ ಕಳಿಸಲಿ. ಅವರೂ ತಮ್ಮ ಮನೆಯಲ್ಲಿ ಕೇಳುತ್ತಾ ಅದೇ ಜಾಗದಲ್ಲಿ ಚಪ್ಪಾಳೆ ತಟ್ಟಿ, ನಂತರ ಹಾಡಲಿ. ಸೇರಿಸುವಾಗ ಚಪ್ಪಾಳೆಯ ಮೇಲೆ ಚಪ್ಪಾಳೆ ಕೂರಿಸಿದರೆ ಉಳಿದದ್ದು ತಾನಾಗಿ ಕೂರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಮಾಡಬೇಡಿ, ವೇವ್ ಫೈಲನ್ನು ಡಾಕ್ಯುಮೆಂಟ್ ಎಂದು ಕಳಿಸಿ. ಎಂಪಿ3 ಮಾಡಿದರೂ ಆರಂಭದಲ್ಲಿ ಚೂರು ಮೌನ ಸೇರಿಕೊಂಡು ಲೆಕ್ಕ ತಪ್ಪುತ್ತದೆ. ನಾಲ್ಕು ನಿಮಿಷದ ಒಂದು ದನಿಯ ವೇವ್ ಫೈಲ್ 21 ಎಂಬಿ ಆಸುಪಾಸು, ದೊಡ್ಡ ಹೊರೆಯೇನಲ್ಲ.

ದಫ್ ಇದ್ದರೆ ಅದನ್ನೇ ಮೊದಲು ಹಿಡಿಯಿರಿ. ದನಿಯ ಎಳೆತದಲ್ಲಿ ಸಣ್ಣ ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ, ಪೆಟ್ಟಿನಲ್ಲಿ ಹೋಗುವುದಿಲ್ಲ. ಬಂಗಾರಪೇಟೆಯ ಮನೆಗಳಲ್ಲಿ ಮಾತ್ರ ಇಷ್ಟೆಲ್ಲ ಸರಿಯಾದ ಮೇಲೂ ನಡುವೆ ಜಂಕ್ಷನ್ನಿನ ರೈಲಿನ ಹಾರ್ನ್ ಬಂದು ಬೀಳುತ್ತದೆ. ಅದಕ್ಕೆ ಇಡೀ ನಾತ್ ಮತ್ತೆ ಹಾಡಿಸಬೇಕಾಗಿಲ್ಲ. ಹಾರ್ನ್ ಬಿದ್ದ ಸಾಲನ್ನಷ್ಟೇ ಇನ್ನೊಂದು ಟ್ರ್ಯಾಕಿನಲ್ಲಿ ಹಾಡಿಸಿ, ಹಳೆಯ ಸಾಲನ್ನು ಅಳಿಸಿ, ಆ ಜಾಗಕ್ಕೆ ಇದನ್ನು ಕೂರಿಸಿಬಿಡಿ.